ಊರಿನ ಸ್ಟೇಡಿಯಂ, ಊರಿನದಲ್ಲದ ತಂಡ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಡರ್ಬನ್‌ನ ‘ಕಾಲಮಿತಿಯಿಲ್ಲದ’ ಟೆಸ್ಟ್ ಪಂದ್ಯದ ಬಗ್ಗೆ ಬರೆದಿದ್ದೆವು. 1939ರಲ್ಲಿ ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡ್ ನಡುವೆ ನಡೆದ ಆ ಪಂದ್ಯ, ಪ್ರವಾಸಿ ತಂಡ ಊರಿಗೆ ಮರಳುವ ಹಡಗು ಹಿಡಿಯಬೇಕಾಗಿದ್ದರಿಂದ ಸೋಲುಗೆಲುವಿಲ್ಲದೆ ಮುಗಿದಿತ್ತು. ಆ ಉತ್ತರದ ಕೊನೆಯಲ್ಲಿ, ವೃತ್ತಿಪರ ಬೇಸ್‌ಬಾಲ್‌ನ ಅತಿ ದೀರ್ಘ ಪಂದ್ಯ ಅಮೆರಿಕದ ಪಾಟಕೆಟ್ ಎಂಬ ಸಣ್ಣ ಊರಿನ ಮೆಕಾಯ್ ಸ್ಟೇಡಿಯಂನಲ್ಲಿ ನಡೆಯಿತು ಎಂದು ಒಂದೇ ಒಂದು ಸಾಲು ಸೇರಿಸಿದ್ದೆವು. ಡರ್ಬನ್‌ನ ಬಗ್ಗೆ ಯಾರೂ ಮರುಪ್ರಶ್ನೆ ಕೇಳಲಿಲ್ಲ. ಬಂದ ಕಾಗದಗಳೆಲ್ಲ ಆ ಒಂದು ಸಾಲಿನ ಬೆನ್ನು ಹತ್ತಿದ್ದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಸ್ಟೇಡಿಯಂಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳು ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿದ್ದಾಳೆ. ನೀವು ಬರೆದ ಪಾಟಕೆಟ್ ಅವಳ ಮನೆಗೆ ತೀರ ಹತ್ತಿರವಂತೆ. ಆದರೆ ಆ ಸ್ಟೇಡಿಯಂ ಈಗ ಇಲ್ಲ, ಕೆಡವಿ ಹಾಕಿದ್ದಾರೆ ಎನ್ನುತ್ತಾಳೆ. ಹೌದೇ? ಹಾಗೆಯೇ ‘ಮೈನರ್ ಲೀಗ್’ ಎಂದರೆ ನಮ್ಮ ರಣಜಿ ಟ್ರೋಫಿಯಂಥದ್ದೇ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ತಮ್ಮ ಮಗಳ ಮಾತು ನಿಜ. 1942ರಲ್ಲಿ ಬಾಗಿಲು ತೆರೆದ ಮೆಕಾಯ್ ಸ್ಟೇಡಿಯಂ ಅನ್ನು 2025ರಲ್ಲಿ ಕೆಡವಲಾಯಿತು. ಅದನ್ನು ಏಕೆ ಕೆಡವಿದರು ಎಂಬುದು ತಮ್ಮ ಎರಡನೆಯ ಪ್ರಶ್ನೆಯೊಂದಿಗೆ ಹೆಣೆದುಕೊಂಡಿರುವುದರಿಂದ, ಮೊದಲು ಅದಕ್ಕೇ ಉತ್ತರಿಸುತ್ತೇವೆ.

ರಣಜಿಯ ಹೋಲಿಕೆ ಅರ್ಧ ಮಾತ್ರ ಹೊಂದುತ್ತದೆ. ರಣಜಿಯಲ್ಲಿ ಆಡಿ ಹೆಸರು ಮಾಡಿದವನು ಭಾರತ ತಂಡಕ್ಕೆ ಹೋಗುವಂತೆ, ಮೈನರ್ ಲೀಗ್‌ನಲ್ಲಿ ಪಳಗಿದವನು ಮೇಜರ್ ಲೀಗ್‌ಗೆ ಏರುತ್ತಾನೆ ಎಂಬಷ್ಟರ ಮಟ್ಟಿಗೆ ಅದು ಸರಿ. ಆದರೆ ಕರ್ನಾಟಕದ ರಣಜಿ ತಂಡ ಯಾವತ್ತಿದ್ದರೂ ಕರ್ನಾಟಕದ್ದೇ. ಅದನ್ನು ಯಾರೋ ಕೊಂಡು ನಾಳೆ ನಾಗಪುರಕ್ಕೆ ಒಯ್ಯುವಂತಿಲ್ಲ. ಮೈನರ್ ಲೀಗ್ ತಂಡದ ಕಥೆ ಬೇರೆ. ಅಲ್ಲಿನ ಆಟಗಾರರು ಮತ್ತು ತರಬೇತುದಾರರು ಒಂದು ದೊಡ್ಡ ತಂಡದ ಸಂಬಳದ ಆಳುಗಳು; ಯಾರು ಆಡಬೇಕು, ಯಾರು ಮೇಲಕ್ಕೆ ಹೋಗಬೇಕು, ಯಾರು ಮನೆಗೆ ಹೋಗಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಆ ದೊಡ್ಡ ತಂಡವೇ. ಟಿಕೆಟ್ಟು ಮಾರುವುದು, ತಿಂಡಿ ಮಾರುವುದು, ಜಾಹೀರಾತಿನ ಫಲಕ ಹಾಕಿಸುವುದು ಸ್ಥಳೀಯ ಮಾಲೀಕನ ವ್ಯವಹಾರ. ಸ್ಟೇಡಿಯಂ ಮಾತ್ರ ಬಹುಪಾಲು ಕಡೆ ನಗರಸಭೆಯದೋ ಸರ್ಕಾರದ್ದೋ ಆಗಿರುತ್ತದೆ. ಅಂದರೆ ಕಟ್ಟಡ ಊರಿನದು, ಅದರೊಳಗೆ ಆಡುವ ತಂಡ ಊರಿನದಲ್ಲ. ಜನ ಎಷ್ಟೇ ‘ನಮ್ಮ ತಂಡ’ ಎಂದು ಎದೆ ತಟ್ಟಿಕೊಂಡರೂ ಕಾಗದಪತ್ರದಲ್ಲಿ ಅದು ಬಾಡಿಗೆದಾರ. ಮೆಕಾಯ್ ಸ್ಟೇಡಿಯಂನ ಚರಿತ್ರೆಯನ್ನು ಓದುವಾಗ ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಈ ಏಣಿಗೆ ಹಲವು ಮೆಟ್ಟಿಲುಗಳಿವೆ. ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿರುವುದಕ್ಕೆ ‘ಟ್ರಿಪಲ್ ಎ’ ಎನ್ನುತ್ತಾರೆ, ಅದರ ಕೆಳಗಿನದಕ್ಕೆ ‘ಡಬಲ್ ಎ’. ಅಲ್ಲಿಂದ ಕೆಳಗೆ ಇನ್ನೂ ಕೆಲವು ಹಂತಗಳಿವೆ. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಒಪ್ಪಂದಕ್ಕೆ ಸಹಿ ಹಾಕಿ ಸುದ್ದಿಯಾದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ತಮಗೆ ನೆನಪಿರಬಹುದು. ಜಾವೆಲಿನ್ ಎಸೆಯುತ್ತಿದ್ದ ಆ ಇಬ್ಬರು ಹುಡುಗರು ಆಡಿದ್ದೆಲ್ಲ ಕೆಳಗಿನ ಹಂತಗಳಲ್ಲೇ. (ಈಗ ಕ್ರಿಕೆಟ್‌ನಲ್ಲಿ ಸಿಕ್ಸರ್ ಹೊಡೆಯುವ ರಿಂಕು ಸಿಂಗ್ ಬೇರೆ.) ಪಾಟಕೆಟ್‌ನ ತಂಡ 1973ರಿಂದ ಟ್ರಿಪಲ್ ಎ ದರ್ಜೆಯದಾಗಿತ್ತು, ಅದರ ಮೇಲಿನ ದೊಡ್ಡ ತಂಡ ಬಾಸ್ಟನ್ ರೆಡ್ ಸಾಕ್ಸ್. ರೆಡ್ ಸಾಕ್ಸ್‌ನ ಮೈದಾನವಾದ ಬಾಸ್ಟನ್ನಿನ ಫೆನ್ವೇ ಪಾರ್ಕ್ ಪಾಟಕೆಟ್‌ನಿಂದ ಸುಮಾರು 70 ಕಿಲೋಮೀಟರ್. ಬೆಳಗ್ಗೆ ದೂರವಾಣಿ ಕರೆ ಬಂದರೆ ಸಂಜೆಯ ಆಟಕ್ಕೆ ಕಾರಿನಲ್ಲಿ ಆರಾಮವಾಗಿ ತಲುಪಬಹುದಾದ ದೂರ.

ಪ್ರಶ್ನೆ: ಪಾಟಕೆಟ್ ನಮ್ಮೂರಿನಂತೆಯೇ ಹತ್ತಿ ಗಿರಣಿಗಳ ಊರು ಎಂದು ಎಲ್ಲೋ ಓದಿದ್ದೆ. ಸ್ಟೇಡಿಯಂ ಅನ್ನು ಕೆರೆ ಮುಚ್ಚಿ ಕಟ್ಟಿದ್ದು ನಿಜವೇ? ಅದಕ್ಕೆ ಹಣ ಹಾಕಿದವರು ಗಿರಣಿ ಮಾಲೀಕರೇ?
(ನಿವೃತ್ತ ಗಿರಣಿ ನೌಕರರು, ದಾವಣಗೆರೆ)

ಉತ್ತರ: ಗಿರಣಿಗಳ ಊರು ಎಂಬುದು ನಿಜ, ಅದೂ ಸಾಮಾನ್ಯವಾದ ಗಿರಣಿ ಊರಲ್ಲ. ಬ್ಲ್ಯಾಕ್‌ಸ್ಟೋನ್ ನದಿಯ ನೀರಿನ ಬಲದಿಂದ ಹತ್ತಿ ನೂಲುವ ಕಾರ್ಖಾನೆಯನ್ನು ಇಂಗ್ಲೆಂಡಿನಿಂದ ಬಂದ ಸ್ಯಾಮ್ಯುಯೆಲ್ ಸ್ಲೇಟರ್ ಎಂಬಾತ ಪಾಟಕೆಟ್‌ನಲ್ಲೇ ಯಶಸ್ವಿಯಾಗಿ ನಡೆಸಿ ತೋರಿಸಿದ. 1793ರಲ್ಲಿ ಕಟ್ಟಿದ ಅವನ ಗಿರಣಿ ಇಂದಿಗೂ ನದಿಯ ದಡದಲ್ಲಿ ನಿಂತಿದೆ. ಅಮೆರಿಕದ ಕೈಗಾರಿಕೆಯ ಚರಿತ್ರೆ ಈ ಊರಿನಿಂದ ಮೊದಲಾಗುತ್ತದೆಂದು ಅಲ್ಲಿಯವರು ಹೇಳಿಕೊಳ್ಳುವುದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳು ಮುಗಿಯುವ ಹೊತ್ತಿಗೆ ಗಿರಣಿಗಳು ಒಂದೊಂದಾಗಿ ದಕ್ಷಿಣದ ರಾಜ್ಯಗಳಿಗೆ ಗುಳೆ ಹೋಗಿದ್ದವು. 1930ರ ದಶಕದ ಆರ್ಥಿಕ ಕುಸಿತ ಉಳಿದ ಕೆಲಸವನ್ನು ಮುಗಿಸಿತು. ಗಿರಣಿಯ ಸೈರನ್ ನಿಂತ ಊರಿನ ಮೌನ ಹೇಗಿರುತ್ತದೆಂದು ತಮಗೆ ನಾವು ವಿವರಿಸಬೇಕಾಗಿಲ್ಲ.

ಆದ್ದರಿಂದ ಹಣ ಗಿರಣಿ ಮಾಲೀಕರದಲ್ಲ, ಸರ್ಕಾರದ್ದು. ಬರಗಾಲದಲ್ಲಿ ಕೆರೆಯ ಹೂಳೆತ್ತಿಸಿ ಜನರಿಗೆ ಕೂಲಿ ಕೊಡುವಂತೆ, ಅಧ್ಯಕ್ಷ ರೂಸ್ವೆಲ್ಟ್ ಅವರ ಸರ್ಕಾರ ಕೆಲಸವಿಲ್ಲದವರಿಗಾಗಿ ದೇಶದ ಉದ್ದಗಲಕ್ಕೂ ರಸ್ತೆ, ಸೇತುವೆ, ಶಾಲೆ, ಉದ್ಯಾನಗಳ ಕಾಮಗಾರಿಗಳನ್ನು ನಡೆಸುತ್ತಿತ್ತು. ಆ ಹಣದಲ್ಲಿ ಪಾಟಕೆಟ್‌ಗೆ ಒಂದು ಸ್ಟೇಡಿಯಂ ಬರಬೇಕೆಂದು ಪಟ್ಟು ಹಿಡಿದವರು 1936ರಿಂದ ಮೇಯರ್ ಆಗಿದ್ದ ಥಾಮಸ್ ಮೆಕಾಯ್. ಡೆಮಾಕ್ರಾಟ್ ಪಕ್ಷದ ಆ ನಾಯಕ ಊರಿನ ಎಲ್ಲ ಹಗ್ಗಗಳನ್ನೂ ತನ್ನ ಕೈಯಲ್ಲೇ ಹಿಡಿದುಕೊಂಡಿದ್ದವರು; ಅವರ ಮಾತಿಲ್ಲದೆ ನಗರಸಭೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡುತ್ತಿರಲಿಲ್ಲ ಎಂಬಂಥ ಕಾಲ ಅದು.

ಅವರು ಆರಿಸಿಕೊಂಡ ಜಾಗ ಹ್ಯಾಮಂಡ್ಸ್ ಪಾಂಡ್ ಎಂಬ ಕೊಳ ಮತ್ತು ಅದರ ಸುತ್ತಲಿನ ಜೌಗು. ಬೆಂಗಳೂರಿನಲ್ಲಿ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದದ್ದನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. ಆದರೆ ಪಾಟಕೆಟ್‌ನ ಕೆಸರು ಸುಲಭವಾಗಿ ಸೋಲುವಂಥದ್ದಾಗಿರಲಿಲ್ಲ. ಸುರಿದ ಮಣ್ಣು ಸುರಿದಷ್ಟೂ ಇಳಿಯುತ್ತಿತ್ತು. ಗಟ್ಟಿ ನೆಲ ಸಿಗುವವರೆಗೆ ಕಂಬಗಳನ್ನು ಬಡಿದು ಇಳಿಸಬೇಕಾಯಿತು. ಒಂದು ಲಾರಿ ಕೆಸರಿನಲ್ಲಿ ಹೂತುಹೋದದ್ದು ಮತ್ತೆ ಮೇಲೆ ಬರಲೇ ಇಲ್ಲ, ಅದು ಮೈದಾನದ ಅಡಿಯಲ್ಲಿ ಎಲ್ಲೋ ಇನ್ನೂ ಇದೆ ಎಂಬ ಮಾತು ಊರಿನಲ್ಲಿ ತಲೆಮಾರುಗಳ ಕಾಲ ಉಳಿಯಿತು. ಲಾರಿಯ ಕಥೆಗೆ ನಾವು ಜಾಮೀನು ನಿಲ್ಲುವುದಿಲ್ಲ. ಖರ್ಚು ಹತ್ತು ಲಕ್ಷ ಡಾಲರಿನ ಗಡಿ ದಾಟಿತೆಂಬುದು ಮಾತ್ರ ಕಥೆಯಲ್ಲ. ಆ ಕಾಲಕ್ಕೆ, ಅಷ್ಟು ಸಣ್ಣ ಊರಿಗೆ, ಅದು ಬಾಯಿಯ ಮೇಲೆ ಬೆರಳಿಡುವಂಥ ಮೊತ್ತವಾಗಿತ್ತು. ವಿರೋಧಿಗಳು ಆಡಿಕೊಂಡು ನಗುವುದಕ್ಕೆ ಅಷ್ಟು ಸಾಕಾಯಿತು.

1940ರಲ್ಲಿ ಶಿಲಾನ್ಯಾಸವಾಗಿ 1942ರಲ್ಲಿ ಸ್ಟೇಡಿಯಂ ತೆರೆಯಿತು. ತಮಾಷೆಯೆಂದರೆ ಅಷ್ಟೆಲ್ಲ ಹಣ ಸುರಿದು ಕಟ್ಟಿದ ಮೈದಾನದಲ್ಲಿ ಆಡಲು ವೃತ್ತಿಪರ ತಂಡವೇ ಇರಲಿಲ್ಲ. ಮನೆ ಕಟ್ಟಿಯಾಗಿತ್ತು, ಬಾಡಿಗೆಗೆ ಬರುವವರಿಲ್ಲ. ಮೆಕಾಯ್ 1945ರಲ್ಲಿ ತೀರಿಕೊಂಡರು. ಮರುವರ್ಷ ಸ್ಟೇಡಿಯಂಗೆ ಅವರ ಹೆಸರಿಟ್ಟರು. ಬಾಸ್ಟನ್ ಬ್ರೇವ್ಸ್ ತಂಡದ ಅಧೀನದಲ್ಲಿದ್ದ ಪಾಟಕೆಟ್ ಸ್ಲೇಟರ್ಸ್ ಎಂಬ ಮೊದಲ ತಂಡ ಬಂದದ್ದೂ ಆ ವರ್ಷವೇ, ಅಂದರೆ ಅದಕ್ಕಾಗಿ ಹೆಣಗಿದ ಮನುಷ್ಯ ಹೋದ ಮೇಲೆ. ಸ್ಲೇಟರ್ಸ್ ಉಳಿದದ್ದು ನಾಲ್ಕು ವರ್ಷ. 1949ರಲ್ಲಿ ಅವರ ಲೀಗ್ ಮುಚ್ಚಿತು. ಆಮೇಲೆ 1966ರವರೆಗೆ ವೃತ್ತಿಪರ ತಂಡದ ಸುಳಿವಿಲ್ಲ. ಆ ವರ್ಷ ಕ್ಲೀವ್‌ಲ್ಯಾಂಡ್‌ನ ತಂಡವೊಂದು ಬಂದು ಎರಡು ವರ್ಷ ಆಡಿ ಗಂಟುಮೂಟೆ ಕಟ್ಟಿತು. 1970ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತನ್ನ ಡಬಲ್ ಎ ತಂಡವನ್ನು ಅಲ್ಲಿಗೆ ತಂದಿತು. ಮೂರು ವರ್ಷದಲ್ಲಿ ಅದರ ಜಾಗಕ್ಕೆ ಟ್ರಿಪಲ್ ಎ ತಂಡ ಬಂದು, ಬಂದ ವರ್ಷವೇ ಲೀಗ್‌ನ ಕಪ್ ಗೆದ್ದಿತು. ಜನ ಅದನ್ನು ‘ಪಾಸಾಕ್ಸ್’ ಎಂದು ಮೊಟಕಾಗಿ ಕರೆಯುತ್ತಿದ್ದರು.

ಕಪ್ ಬಂದರೂ ಕಾಸು ಬರಲಿಲ್ಲ. 1976ರ ಹೊತ್ತಿಗೆ ತಂಡ ದಿವಾಳಿಯಾಯಿತು. 1977ರಲ್ಲಿ ಅದನ್ನು ಎತ್ತಿಕೊಂಡವರು ಬೆನ್ ಮಾಂಡರ್, ಮತ್ತು ಇಲ್ಲಿ ತಮ್ಮ ಗಿರಣಿಯ ಎಳೆ ಮತ್ತೆ ಬರುತ್ತದೆ: ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿ ರೋಡ್ ಐಲೆಂಡ್‌ನ ಗಿರಣಿ ಊರೊಂದರಲ್ಲಿ ಬೆಳೆದ ಮಾಂಡರ್, ಮುಚ್ಚುವ ಸ್ಥಿತಿಯಲ್ಲಿದ್ದ ಜವಳಿ ಗಿರಣಿಗಳನ್ನು ಕೊಂಡು ಲಾಭಕ್ಕೆ ತಂದು ಹಣ ಮಾಡಿದವರು. ಮೊದಲ ವರ್ಷ ತಂಡ ಲೀಗ್ ಪಟ್ಟಿಯ ಮೇಲ್ತುದಿಯಲ್ಲಿದ್ದರೂ ಇಡೀ ಋತುವಿನಲ್ಲಿ ಬಂದ ಪ್ರೇಕ್ಷಕರು ಸುಮಾರು 70,000 ಮಾತ್ರ. ಮಾಂಡರ್ ಟಿಕೆಟ್ಟಿನ ದರವನ್ನು ಅಗ್ಗವಾಗಿಯೇ ಇಟ್ಟರು, ವಾಹನ ನಿಲ್ಲಿಸಲು ದುಡ್ಡು ಕೇಳಲಿಲ್ಲ, ಸ್ಟೇಡಿಯಂ ಅನ್ನು ಗುಡಿಸಿ ಬಣ್ಣ ಬಳಿದು ಸಂಸಾರಸ್ಥರು ಮಕ್ಕಳನ್ನು ಕರೆದುಕೊಂಡು ಬರುವ ಜಾಗವನ್ನಾಗಿ ಮಾಡಿದರು. 2005ರಲ್ಲಿ ಬಂದವರ ಸಂಖ್ಯೆ 6,88,421. ಇದರಲ್ಲಿ ಮಾಯಮಂತ್ರವೇನೂ ಇದ್ದಂತೆ ನಮಗೆ ಕಾಣುವುದಿಲ್ಲ. ಮುರಿದ ಗಿರಣಿಯನ್ನು ಸರಿಪಡಿಸುವ ವಿದ್ಯೆಯನ್ನೇ ಅವರು ಇಲ್ಲೂ ಬಳಸಿದರು.

ಪ್ರಶ್ನೆ: ಆ ಅತಿ ದೀರ್ಘ ಪಂದ್ಯದ ಬಗ್ಗೆ ಒಂದೇ ಸಾಲು ಬರೆದು ಬಿಟ್ಟಿರಿ. ಬೇಸ್‌ಬಾಲ್ ಎರಡು ಮೂರು ಗಂಟೆಯ ಆಟವಲ್ಲವೇ? ಅದು ಅಷ್ಟು ಬೆಳೆದದ್ದು ಹೇಗೆ? ದಯವಿಟ್ಟು ವಿವರವಾಗಿ ಬರೆಯಿರಿ.
(ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ಬೇಸ್‌ಬಾಲ್‌ನಲ್ಲಿ ಎರಡೂ ತಂಡಗಳು ಸರದಿಯಂತೆ ಒಂಬತ್ತೊಂಬತ್ತು ಸಲ ಬ್ಯಾಟ್ ಮಾಡುತ್ತವೆ, ಎರಡೂ ತಂಡದ ಒಂದೊಂದು ಸರದಿ ಸೇರಿದರೆ ಒಂದು ಇನಿಂಗ್. ಒಂಬತ್ತು ಮುಗಿದಾಗ ಓಟಗಳು ಸಮವಾಗಿದ್ದರೆ ಹತ್ತನೆಯದು, ಆಗಲೂ ಸಮವಾದರೆ ಹನ್ನೊಂದನೆಯದು, ಹೀಗೆ ಯಾರಾದರೊಬ್ಬರು ಮುಂದೆ ಹೋಗುವವರೆಗೆ ಆಟ ನಡೆಯುತ್ತಲೇ ಇರುತ್ತದೆ. ಡ್ರಾ ಎಂಬುದನ್ನು ಆ ಆಟ ಮನಸ್ಸಿಗೆ ಹಚ್ಚಿಕೊಂಡಿಲ್ಲ.

1981ರ ಏಪ್ರಿಲ್ 18, ಶನಿವಾರ, ಈಸ್ಟರ್ ಹಬ್ಬದ ಹಿಂದಿನ ರಾತ್ರಿ. ಎದುರಾಳಿ ರಾಚೆಸ್ಟರ್ ರೆಡ್ ವಿಂಗ್ಸ್. ದೀಪಗಳು ಕೈಕೊಟ್ಟದ್ದರಿಂದ ಆಟ ಅರ್ಧ ಗಂಟೆ ತಡವಾಗಿ, ಎಂಟರ ಸುಮಾರಿಗೆ, 1,740 ಪ್ರೇಕ್ಷಕರೆದುರು ಶುರುವಾಯಿತು. ಏಳನೆಯ ಇನಿಂಗ್‌ನಲ್ಲಿ ರಾಚೆಸ್ಟರ್ ಒಂದು ಓಟ ಗಳಿಸಿತು. ಒಂಬತ್ತನೆಯದರಲ್ಲಿ, ಇನ್ನೇನು ಮುಗಿಯಿತು ಎನ್ನುವಾಗ, ಪಾಟಕೆಟ್ ಅದನ್ನು ಸರಿಗಟ್ಟಿತು. ಅಲ್ಲಿಂದ ಮುಂದೆ ಹನ್ನೊಂದು ಇನಿಂಗ್‌ಗಳ ಕಾಲ ಯಾರಿಗೂ ಓಟವಿಲ್ಲ. ಇಪ್ಪತ್ತೊಂದನೆಯದರಲ್ಲಿ ರಾಚೆಸ್ಟರ್ ಮತ್ತೊಂದು ಓಟ ಗಳಿಸಿದಾಗ ಎರಡೂ ಕಡೆಯವರೂ ಒಳಗೊಳಗೇ ನಿಟ್ಟುಸಿರು ಬಿಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಪಾಟಕೆಟ್‌ನ ವೇಡ್ ಬಾಗ್ಸ್ ಹೊಡೆದ ಚೆಂಡು ಮೈದಾನದ ಅಂಚಿಗೆ ಹೋಗಿ ಓಟ ಮತ್ತೆ ಸಮವಾಯಿತು. ತಂಡವನ್ನು ಸೋಲಿನಿಂದ ಉಳಿಸಿದವನನ್ನು ತಬ್ಬಿಕೊಳ್ಳಬೇಕೋ ಬಯ್ಯಬೇಕೋ ಎಂದು ಸಂಗಡಿಗರೇ ಯೋಚಿಸುವ ಹೊತ್ತಾಗಿತ್ತು ಅದು.

ಆಟವನ್ನು ನಿಲ್ಲಿಸಲು ನಿಯಮವಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ರಾತ್ರಿ 12 ಗಂಟೆ 50 ನಿಮಿಷದ ನಂತರ ಹೊಸ ಇನಿಂಗ್ ಆರಂಭಿಸಬಾರದೆಂದು ಆ ಲೀಗ್‌ನಲ್ಲಿ ನಿಯಮವಿತ್ತು. ಅಂಪೈರ್‌ಗಳ ಕೈಯಲ್ಲಿದ್ದ ಆ ವರ್ಷದ ನಿಯಮಾವಳಿಯಲ್ಲಿ ಮಾತ್ರ ಆ ಸಾಲು ಅಚ್ಚಾಗುವಾಗ ಬಿಟ್ಟುಹೋಗಿತ್ತು. ಬರೆದಿಲ್ಲದ ನಿಯಮವನ್ನು ಜಾರಿ ಮಾಡಲಾರೆವೆಂದು ಅಂಪೈರ್‌ಗಳು ಪಟ್ಟು ಹಿಡಿದರು. ನಮ್ಮ ಯಾವುದೇ ಕಚೇರಿಯಲ್ಲಿ ಕಡತದೆದುರು ಕುಳಿತವರು ಮಾಡುತ್ತಿದ್ದುದನ್ನೇ ಅವರೂ ಮಾಡಿದರು. ಲೀಗ್‌ನ ಅಧ್ಯಕ್ಷ ಹೆರಾಲ್ಡ್ ಕೂಪರ್ ಅವರನ್ನು ದೂರವಾಣಿಯಲ್ಲಿ ಹಿಡಿಯುವ ಪ್ರಯತ್ನ ಗಂಟೆಗಟ್ಟಲೆ ನಡೆಯಿತು.

ಅಷ್ಟರಲ್ಲಿ ಚಳಿ ಮೂಳೆಗಿಳಿದಿತ್ತು. ಆಟಗಾರರು ಕುಳಿತುಕೊಳ್ಳುವ ಡಗ್‌ಔಟ್‌ಗಳಲ್ಲಿ ಕಬ್ಬಿಣದ ಪೀಪಾಯಿಗಳನ್ನಿಟ್ಟು, ಮುರಿದ ಬ್ಯಾಟ್‌ಗಳನ್ನೂ ಬೆಂಚಿನ ಹಲಗೆಗಳನ್ನೂ ಉರಿಸಿ ಕೈ ಕಾಯಿಸಿಕೊಳ್ಳುತ್ತಿದ್ದರು. ಎದುರುಗಾಳಿ ಎಷ್ಟು ಬಿರುಸಾಗಿತ್ತೆಂದರೆ ಹೊರಗೆ ಬೀಳಬೇಕಾದ ಹೊಡೆತಗಳು ಒಳಕ್ಕೇ ಮರಳುತ್ತಿದ್ದವು. ಪಾಟಕೆಟ್‌ನ ವ್ಯವಸ್ಥಾಪಕ ಜೋ ಮಾರ್ಗನ್ ಅವರನ್ನು ಅಂಪೈರ್ ಇಪ್ಪತ್ತೆರಡನೆಯ ಇನಿಂಗ್‌ನಲ್ಲಿ ವಾದ ಮಾಡಿದ್ದಕ್ಕಾಗಿ ಹೊರಗೆ ಕಳಿಸಿದಾಗ, ಅವರು ಮನೆಗೆ ಹೋಗುವ ಸುಯೋಗವನ್ನು ಬಿಟ್ಟು ಹಿಂಬದಿಯ ಗೋಡೆಯ ಕಿಂಡಿಯೊಂದರಿಂದ ಆಟ ನೋಡುತ್ತ ನಿಂತರು. ತನ್ನ ಪಾಲಿನ ಎಸೆತ ಮುಗಿಸಿ ಬೆಳಗಿನ ಜಾವ ಮನೆಗೆ ಹೋದ ಪಾಟಕೆಟ್‌ನ ಪಿಚರ್ ಲೂಯಿ ಅಪಾಂಟೆಯ ಕಥೆ ಇನ್ನೂ ಪ್ರಸಿದ್ಧ: ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳಿದ ಹೆಂಡತಿಗೆ ‘ಆಟದಲ್ಲಿದ್ದೆ’ ಎಂದರೆ ಆಕೆ ನಂಬಲಿಲ್ಲವಂತೆ. ಪಂದ್ಯ ಮುಗಿಯುವ ಮೊದಲೇ ಪತ್ರಿಕೆಗಳು ಅಚ್ಚಾಗಿ ಹೋಗಿದ್ದರಿಂದ ಭಾನುವಾರದ ಪತ್ರಿಕೆಯೂ ಆತನ ನೆರವಿಗೆ ಬರಲಿಲ್ಲ.

ಕೊನೆಗೆ ದೂರವಾಣಿಗೆ ಸಿಕ್ಕ ಕೂಪರ್, ನಡೆಯುತ್ತಿರುವ ಇನಿಂಗ್ ಮುಗಿಸಿ ನಿಲ್ಲಿಸಿ ಎಂದರು. ಮೂವತ್ತೆರಡು ಇನಿಂಗ್, ಓಟ 2–2, ಸಮಯ ಬೆಳಗಿನ 4 ಗಂಟೆ 7 ನಿಮಿಷ. ಆಸನಗಳಲ್ಲಿ ಉಳಿದಿದ್ದವರು 19 ಜನ. ಅವರಿಗೆಲ್ಲ ತಂಡದವರು ಉಚಿತ ಪ್ರವೇಶದ ಪಾಸ್ ಕೊಟ್ಟರು.

ಆಟ ಮುಂದುವರಿದದ್ದು ರಾಚೆಸ್ಟರ್ ತಂಡ ಪಾಟಕೆಟ್‌ಗೆ ಮತ್ತೆ ಬಂದಾಗ, ಜೂನ್ 23ರಂದು. ಆ ಹೊತ್ತಿಗೆ ಮೇಜರ್ ಲೀಗ್ ಆಟಗಾರರ ಮುಷ್ಕರ ಶುರುವಾಗಿ ದೇಶದಲ್ಲಿ ನೋಡಲು ಬೇರೆ ದೊಡ್ಡ ಬೇಸ್‌ಬಾಲ್ ಪಂದ್ಯವೇ ಇರಲಿಲ್ಲ. ವರದಿಗಾರರೂ ಕ್ಯಾಮೆರಾಗಳೂ ಪಾಟಕೆಟ್‌ಗೆ ನುಗ್ಗಿದವು, ಸ್ಟೇಡಿಯಂ ತುಂಬಿತು. ಎಂಟು ಗಂಟೆಯಲ್ಲಿ ಇತ್ಯರ್ಥವಾಗದ ಆಟ ಹದಿನೆಂಟೇ ನಿಮಿಷದಲ್ಲಿ ಮುಗಿಯಿತು: ಮೂವತ್ಮೂರನೆಯ ಇನಿಂಗ್‌ನಲ್ಲಿ ಡೇವ್ ಕೋಜಾ ಹೊಡೆತಕ್ಕೆ ಮಾರ್ಟಿ ಬ್ಯಾರೆಟ್ ಓಡಿ ಬಂದು ಪಾಟಕೆಟ್ 3–2ರಿಂದ ಗೆದ್ದಿತು. ಒಟ್ಟು ಆಟದ ಸಮಯ 8 ಗಂಟೆ 25 ನಿಮಿಷ, ಎಸೆದ ಚೆಂಡುಗಳು 882. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 147 ಓವರ್. ಟೆಸ್ಟ್ ಪಂದ್ಯದ ಒಂದೂವರೆ ದಿನಕ್ಕಿಂತ ಹೆಚ್ಚು, ಗಳಿಸಿದ್ದು ಎರಡೂ ಕಡೆ ಸೇರಿ ಐದು ಓಟ!

ಆ ರಾತ್ರಿ ಎರಡೂ ತಂಡಗಳಲ್ಲಿ ಮೂರನೆಯ ಬೇಸ್ (ಓಡುವ ಹಾದಿಯ ನಿಲುಗಡೆ) ಕಾಯುತ್ತಿದ್ದವರ ಹೆಸರು ಬೇಸ್‌ಬಾಲ್ ಬಲ್ಲವರಿಗೆಲ್ಲ ಗೊತ್ತು. ಪಾಟಕೆಟ್‌ನ ವೇಡ್ ಬಾಗ್ಸ್ ಮತ್ತು ರಾಚೆಸ್ಟರ್‌ನ ಕ್ಯಾಲ್ ರಿಪ್ಕೆನ್ ಇಬ್ಬರೂ ಮುಂದೆ ಮಹಾನ್ ಆಟಗಾರರ ಸಾಲಿಗೆ ಸೇರಿದರು. ರಿಪ್ಕೆನ್ ಸತತವಾಗಿ 2,632 ಪಂದ್ಯಗಳನ್ನು ಒಂದೂ ತಪ್ಪಿಸದೆ ಆಡಿದವರು. ಆದರೆ ಆ ಪಂದ್ಯವನ್ನು ಗೆಲ್ಲಿಸಿದ ಕೋಜಾ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. 70 ಕಿಲೋಮೀಟರ್ ದೂರದಿಂದ ಬರಬೇಕಾದ ಆ ಕರೆ ಅವರಿಗೆ ಬರಲೇ ಇಲ್ಲ.

ಪ್ರಶ್ನೆ: ಅಲ್ಲಿ ಮಕ್ಕಳು ಗಾಳ ಹಾಕಿ ಆಟಗಾರರ ಹಸ್ತಾಕ್ಷರ ಹಿಡಿಯುತ್ತಿದ್ದರೆಂದು ನನ್ನ ತಮ್ಮ ಹೇಳಿದ. ಅವನು ನನ್ನನ್ನು ಏಮಾರಿಸುತ್ತಿದ್ದಾನೆಯೇ?
(ಓದುಗಿಯೊಬ್ಬರು, ಹುಬ್ಬಳ್ಳಿ)

ಉತ್ತರ: ಇಲ್ಲ, ಈ ಒಂದು ವಿಷಯದಲ್ಲಾದರೂ ತಮ್ಮನನ್ನು ನಂಬಬಹುದು. ಸಾಮಾನ್ಯವಾಗಿ ಬೇಸ್‌ಬಾಲ್ ಮೈದಾನದಲ್ಲಿ ಆಟಗಾರರ ಡಗ್‌ಔಟ್ ಪ್ರೇಕ್ಷಕರ ಮೊದಲ ಸಾಲಿನ ಮುಂದೆ, ನೆಲಕ್ಕಿಂತ ತುಸು ತಗ್ಗಿನಲ್ಲಿರುತ್ತದೆ; ಹುಡುಗರು ಕೈ ಚಾಚಿ ಪುಸ್ತಕವನ್ನೋ ಚೆಂಡನ್ನೋ ಕೊಟ್ಟು ಸಹಿ ಕೇಳಬಹುದು. ಮೆಕಾಯ್‌ನಲ್ಲಿ ಡಗ್‌ಔಟ್‌ಗಳು ನೆಲದ ಮಟ್ಟದಲ್ಲೇ, ಪ್ರೇಕ್ಷಕರ ಆಸನಗಳ ಅಡಿಯಲ್ಲಿದ್ದವು, ಮೊದಲ ಸಾಲಿನ ಪ್ರೇಕ್ಷಕರು ಆಟಗಾರರ ತಲೆಯ ಮೇಲೆ. ಮೇಲಿನಿಂದ ಕೂಗಿದರೆ ಕೆಳಗಿನವರಿಗೆ ಮುಖ ಕಾಣುವುದಿಲ್ಲ, ಕೈ ಚಾಚಿದರೆ ಎಟಕುವುದಿಲ್ಲ.

ಈ ತೊಡಕಿಗೆ ಮಕ್ಕಳೇ ಪರಿಹಾರ ಕಂಡುಕೊಂಡರು. ಹಾಲಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ಕತ್ತರಿಸಿ, ಹಿಡಿಕೆಗೆ ದಾರ ಕಟ್ಟಿ, ಒಳಗೆ ಚೆಂಡನ್ನೂ ಪೆನ್ನನ್ನೂ ಇಟ್ಟು, ಬಾವಿಗೆ ಕೊಡ ಇಳಿಬಿಟ್ಟಂತೆ ಡಗ್‌ಔಟ್‌ನ ಮುಂದೆ ಇಳಿಬಿಡುತ್ತಿದ್ದರು. ಒಳಗಿನಿಂದ ಒಂದು ಕೈ ಬಂದು ಡಬ್ಬಿಯನ್ನು ಎಳೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಸಹಿ ಹಾಕಿದ ಚೆಂಡು ಮೇಲಕ್ಕೆ ಬರುತ್ತಿತ್ತು. ಯಾರ ಸಹಿ ಬಿತ್ತೆಂಬುದು ಎಳೆದುಕೊಂಡು ನೋಡಿದ ಮೇಲೆಯೇ ತಿಳಿಯುವುದು. ಈ ಗಾಳದ ಗಮ್ಮತ್ತು ಇದ್ದದ್ದೇ ಅಲ್ಲಿ. ರಾಜರ್ ಕ್ಲೆಮೆನ್ಸ್, ನೊಮಾರ್ ಗಾರ್ಸಿಯಾಪಾರಾ, ಮೂಕಿ ಬೆಟ್ಸ್ ಅವರಂಥವರು ದೊಡ್ಡವರಾಗುವ ಮೊದಲು ಆ ಡಗ್‌ಔಟ್‌ಗಳಲ್ಲಿ ಕುಳಿತಿದ್ದವರೇ. ಸ್ಟೇಡಿಯಂನ ನಕ್ಷೆ ಬರೆದವರಿಂದಾದ ಎಡವಟ್ಟೇ ಅದರ ಅಂದವಾಗಿಬಿಟ್ಟಿತು.

ಪ್ರಶ್ನೆ: ವರ್ಷಕ್ಕೆ ಆರು ಲಕ್ಷ ಜನ ಬರುತ್ತಿದ್ದ ತಂಡ ಊರು ಬಿಟ್ಟದ್ದೇಕೆ? ಸ್ಟೇಡಿಯಂ ಉಳಿಸಿಕೊಳ್ಳಲು ಸರ್ಕಾರ ಹಣ ಕೊಡಲಿಲ್ಲವೇ? ಈಗ ಅಲ್ಲೇನಿದೆ?
(ಓದುಗರೊಬ್ಬರು, ಮಂಗಳೂರು)

ಉತ್ತರ: ಸರ್ಕಾರ ಒಮ್ಮೆ ಕೊಟ್ಟಿತ್ತು. 1998–99ರಲ್ಲಿ ಸಾರ್ವಜನಿಕ ಹಣದಿಂದ ಸ್ಟೇಡಿಯಂ ಅನ್ನು ನವೀಕರಿಸಿ, ಸುಮಾರು 10,000 ಜನ ಕೂರುವಂತೆ ವಿಸ್ತರಿಸಲಾಯಿತು. ಆ ನವೀಕರಣದ ನಂತರದ ಹತ್ತು ವರ್ಷಗಳೇ ಮೆಕಾಯ್‌ನ ಸುಗ್ಗಿಯ ಕಾಲ.

ಮಾಂಡರ್ 2010ರಲ್ಲಿ ತೀರಿಕೊಂಡರು. 2015ರಲ್ಲಿ ತಂಡ ಹೊಸ ಮಾಲೀಕರ ಕೂಟವೊಂದರ ಕೈಗೆ ಹೋಯಿತು. ಬಾಸ್ಟನ್ ರೆಡ್ ಸಾಕ್ಸ್‌ನ ಆಗಿನ ಅಧ್ಯಕ್ಷ ಲ್ಯಾರಿ ಲುಚಿನೊ ಮತ್ತು ಪ್ರಾವಿಡೆನ್ಸ್‌ನ ವಕೀಲ ಜೇಮ್ಸ್ ಸ್ಕೆಫಿಂಗ್ಟನ್ ಅದರ ಮುಂದಾಳುಗಳು. ಹಳೆಯ ಸ್ಟೇಡಿಯಂ ಬೇಡ, ಪ್ರಾವಿಡೆನ್ಸ್‌ನ ನದಿಯ ದಡದಲ್ಲಿ ಹೊಸದನ್ನು ಕಟ್ಟೋಣ ಎಂಬುದು ಅವರ ಮೊದಲ ಯೋಜನೆ. ಕೆಲವೇ ತಿಂಗಳಲ್ಲಿ ಸ್ಕೆಫಿಂಗ್ಟನ್ ಹಠಾತ್ತನೆ ತೀರಿಕೊಂಡರು, ಆ ಯೋಜನೆಯೂ ಅದೇ ವರ್ಷ ಬಿದ್ದುಹೋಯಿತು. ಆಮೇಲೆ ಪಾಟಕೆಟ್‌ನಲ್ಲೇ, ಸ್ಲೇಟರ್ ಗಿರಣಿಯ ಸಮೀಪದಲ್ಲಿ, 8.3 ಕೋಟಿ ಡಾಲರ್ ವೆಚ್ಚದಲ್ಲಿ ಕಟ್ಟುವ ಪ್ರಸ್ತಾಪ ಬಂತು: ತಂಡದ ಪಾಲು 4.5 ಕೋಟಿ, ರಾಜ್ಯದ್ದು 2.3 ಕೋಟಿ, ನಗರದ್ದು 1.5 ಕೋಟಿ.

ಇಲ್ಲಿ ಒಂದು ಹಳೆಯ ಗಾಯದ ವಿಷಯ ಹೇಳಬೇಕು. ರೋಡ್ ಐಲೆಂಡ್ ಸರ್ಕಾರ 2010ರಲ್ಲಿ ‘38 ಸ್ಟುಡಿಯೋಸ್’ ಎಂಬ ವಿಡಿಯೋ ಗೇಮ್ ಕಂಪನಿಗೆ 7.5 ಕೋಟಿ ಡಾಲರ್ ಸಾಲದ ಖಾತರಿ ನೀಡಿತ್ತು. ಅದರ ಸ್ಥಾಪಕರು ರೆಡ್ ಸಾಕ್ಸ್‌ನ ಹೆಸರಾಂತ ಪಿಚರ್ ಆಗಿದ್ದ ಕರ್ಟ್ ಶಿಲ್ಲಿಂಗ್. ಕಂಪನಿ 2012ರಲ್ಲಿ ದಿವಾಳಿಯಾಯಿತು, ಹೊರೆ ತೆರಿಗೆದಾರರ ತಲೆಗೆ ಬಂತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುವಂತೆ, ಖಾಸಗಿ ವ್ಯವಹಾರಕ್ಕೆ ಸರ್ಕಾರ ಜಾಮೀನು ನಿಲ್ಲುವುದೆಂದರೆ ಆ ರಾಜ್ಯದ ಜನ ಬೆಚ್ಚುತ್ತಿದ್ದರು. 2018ರಲ್ಲಿ ಶಾಸನಸಭೆ ಒಪ್ಪಿದ ಸ್ಟೇಡಿಯಂ ಮಸೂದೆಯಲ್ಲಿ ಸರ್ಕಾರದ ಖಾತರಿಯನ್ನು ಕೈಬಿಟ್ಟು, ಸಾಲದ ಬಡ್ಡಿ ಹೆಚ್ಚಾಗುವಂತೆ ಷರತ್ತುಗಳನ್ನು ಬದಲಿಸಲಾಗಿತ್ತು. ಅದೇ ಆಗಸ್ಟ್‌ನಲ್ಲಿ ಮಾಲೀಕರು ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರಕ್ಕೆ ಹೋಗುವುದಾಗಿ ಘೋಷಿಸಿದರು. ಅಲ್ಲಿನ ಹೊಸ ಸ್ಟೇಡಿಯಂನ ವೆಚ್ಚ ಕೊನೆಗೆ 15 ಕೋಟಿ ಡಾಲರನ್ನೂ ಮೀರಿತು. ಹಾಗಾಗಿ ರೋಡ್ ಐಲೆಂಡ್‌ನವರು ಜಿಪುಣತನದಿಂದ ತಂಡ ಕಳೆದುಕೊಂಡರು ಎಂದು ಬರೆಯುವವರ ಮಾತನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಅವರು ತಪ್ಪಿಸಿಕೊಂಡದ್ದೂ ಸಣ್ಣ ಮೊತ್ತವೇನಲ್ಲ. ಬ್ಲ್ಯಾಕ್‌ಸ್ಟೋನ್ ನದಿ ಹುಟ್ಟುವುದು ವೂಸ್ಟರ್‌ನಲ್ಲಿ, ಹರಿದು ಬರುವುದು ಪಾಟಕೆಟ್‌ಗೆ. ತಂಡ ಮಾತ್ರ ನದಿಗೆ ಎದುರಾಗಿ ಹೋಯಿತು.

2020 ಮೆಕಾಯ್‌ನಲ್ಲಿ ಕೊನೆಯ ಋತು ಆಗಬೇಕಿತ್ತು. ವಿದಾಯಕ್ಕೆ ಸಿದ್ಧತೆಗಳೂ ನಡೆದಿದ್ದವು. ಕೊರೊನಾದಿಂದ ಮೈನರ್ ಲೀಗ್‌ನ ಆ ವರ್ಷದ ಆಟವೇ ರದ್ದಾಯಿತು. ಆ ಬೇಸಿಗೆಯಲ್ಲಿ ತಂಡದವರು ಮೈದಾನದ ಹುಲ್ಲಿನ ಮೇಲೆ ದೂರದೂರ ಮೇಜುಗಳನ್ನು ಹಾಕಿ ಊಟ ಬಡಿಸುವ ವ್ಯವಸ್ಥೆ ಮಾಡಿದರು. ಸೀಟುಗಳೆಲ್ಲ ಕೂಡಲೇ ಭರ್ತಿಯಾದವು. ಎಷ್ಟೋ ವರ್ಷ ಮೇಲಿನಿಂದ ಗಾಳ ಇಳಿಬಿಟ್ಟಿದ್ದವರು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು, ಆಟಗಾರರು ಮಾತ್ರ ತುಳಿಯುತ್ತಿದ್ದ ನೆಲದಲ್ಲಿ ಕುಳಿತು ಊಟ ಮಾಡಿದರು. ಆಟದ ವಿದಾಯ ನಡೆಯಲಿಲ್ಲ, ಇಷ್ಟು ನಡೆಯಿತು.

2021ರಿಂದ ತಂಡ ವೂಸ್ಟರ್‌ನಲ್ಲಿದೆ. ಅದೇ ವರ್ಷ ಮೇಜರ್ ಲೀಗ್‌ನವರು ಮೈನರ್ ಲೀಗ್ ವ್ಯವಸ್ಥೆಯನ್ನು ಕತ್ತರಿಸಿ, 160ರಷ್ಟಿದ್ದ ತಂಡಗಳನ್ನು 120ಕ್ಕೆ ಇಳಿಸಿದ್ದರಿಂದ, ಪಾಟಕೆಟ್‌ನಂಥ ಊರಿಗೆ ಬೇರೊಂದು ತಂಡ ಬರುವ ದಾರಿಯೂ ಕಿರಿದಾಯಿತು. ಖಾಲಿ ಬಿದ್ದ ಸ್ಟೇಡಿಯಂನ ಜಾಗದಲ್ಲಿ, ಊರಿನ ಎರಡು ಹೈಸ್ಕೂಲುಗಳನ್ನು ಒಂದುಗೂಡಿಸಿ ಹೊಸ ಕಟ್ಟಡ ಕಟ್ಟುವುದಕ್ಕೆ 2022ರಲ್ಲಿ ಮತದಾರರು ಒಪ್ಪಿಗೆ ಕೊಟ್ಟರು.

ಅತ್ತ, ಅದೇ ಊರಿನ ನದಿಯ ದಡದಲ್ಲಿ ಹೊಸ ಫುಟ್‌ಬಾಲ್ ಸ್ಟೇಡಿಯಂ ಒಂದು 2025ರ ಮೇ ತಿಂಗಳಿನಲ್ಲಿ ಬಾಗಿಲು ತೆರೆದಿದೆ, ಸುಮಾರು ಹತ್ತು ಸಾವಿರ ಆಸನಗಳದು. ಅದರ ವೆಚ್ಚದಲ್ಲಿ ಒಂದು ಪಾಲನ್ನು ಸರ್ಕಾರ ಹೊತ್ತಿದೆ, ಅಲ್ಲಿ ಆಡುವ ತಂಡ ಖಾಸಗಿಯವರದು.